ಎರಡು ದೇಶದ ಹಾದಿ ಮುಚ್ಚಿಸಿದ ಬಾಯಿ

ಹನುಮಸಾಗರ: ಹೊರಡುವ ಮುಂಚಿನ ತಪ್ಪು

ನಾನು ಹುಟ್ಟಿದ ವರ್ಷವೇ ಕೊಪ್ಪಳ ಜಿಲ್ಲೆಯಾಯಿತು. ಇಬ್ಬರಲ್ಲಿ ಯಾರು ಮೊದಲು ಉದ್ಧಾರವಾಗುತ್ತಾರೋ ನೋಡೋಣ ಎಂದು ನಮ್ಮಪ್ಪ ಕಾದು ಕೂತ. ಜಿಲ್ಲೆಗೆ ಒಂದೊಂದಾಗಿ ಕಚೇರಿಗಳು ಬಂದವು. ನನಗೆ ಬಂದದ್ದು ಮಂದಿಯ ದನಿ. ಮಾಸ್ತರರ ಕೆಮ್ಮು, ಪೂಜಾರಿಯ ಮೂಗಿನ ಮಂತ್ರ, ಅತ್ತೆಯರ ಜಗಳ ಎಲ್ಲ ನನ್ನ ಗಂಟಲಲ್ಲಿ ಬಂದು ಸಂಸಾರ ಹೂಡಿದವು. ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನ ದನಿಯಲ್ಲಿ 'ಹನುಮಸಾಗರ, ಹನುಮಸಾಗರ!' ಎಂದು ಕೂಗಿ ಇಬ್ಬರು ಅಜ್ಜಿಯರನ್ನು ಯಲಬುರ್ಗಾ ಬಸ್ಸಿಗೆ ಹತ್ತಿಸಿದ ಪಾಪವೂ ನನ್ನ ತಲೆಯ ಮೇಲಿದೆ. ಒಬ್ಬಾಕೆ ಬೇವೂರಿನಲ್ಲಿ ಇಳಿದು ಅಲ್ಲಿಂದಲೇ ಶಾಪ ಹಾಕಿದಳಂತೆ. ಆ ಶಾಪಕ್ಕೆ ಭಾಳ ಉದ್ದನೆಯ ಕೈ ಇತ್ತು.

ಎಂಟನೇ ತರಗತಿಯಲ್ಲಿ ಸರ್ಕಾರ ನಮಗೆಲ್ಲ ಸೈಕಲ್ಲು ಕೊಟ್ಟಿತು. ಸಾಲಿಗೆ ಬರಲಿ ಎಂದು ಕೊಟ್ಟದ್ದು. ನಾನು, ಶರಣ, ಮೈಬೂಬ ಮೂವರೂ ಅದನ್ನು ಕರಿಗುಡ್ಡಕ್ಕೆ ಹೊಡೆದೆವು. ಊರ ಹಿಂದಿನ ಆ ಗುಡ್ಡದಿಂದ ಒಂದು ಕಾಲುಹಾದಿ ಹಾವಿನ ಹಾಗೆ ಇಳಿದು, ಬಂಡೆಗಳ ನಡುವೆ ಎರಡು ಸಲ ಹೊಳ್ಳಿ, ದ್ಯಾಮಣ್ಣ ಕಾಕಾನ ಹೊಲದ ಒಡ್ಡಿನ ಮೇಲೆ ಓಡಿ, ಡಾಂಬರು ರಸ್ತೆ ಸೇರುತ್ತಿತ್ತು. ಕ್ಯಾರಿಯರ್ ಗಡಗಡ, ಚೈನ್‌ಕವರ್ ಕಟಕಟ, ಬೆಲ್ಲು ತಾನಾಗಿಯೇ ಟ್ರಿಣ್ ಟ್ರಿಣ್. ಬ್ರೇಕಿನ ರಬ್ಬರು ಮೊದಲ ತಿಂಗಳೇ ತೀರಿಕೊಂಡಿತು. ಆಮೇಲೆ ಬ್ರೇಕ್ ಎಂದರೆ ಬಲಗಾಲಿನ ಚಪ್ಪಲಿ: ಮುಂದಿನ ಗಾಲಿಗೆ ಒತ್ತಿದರೆ ಆಯಿತು. ಸೈಕಲ್ಲಿಗಿಂತ ಚಪ್ಪಲಿ ಹೆಚ್ಚು ಸವೆದವು. ಪೇಟೆಯ ಹುಡುಗರು ಇದಕ್ಕೆ 'ಮೌಂಟೇನ್ ಬೈಕಿಂಗ್' ಅನ್ನುತ್ತಾರೆಂದು ಗೊತ್ತಾದದ್ದು ಬಹಳ ವರ್ಷದ ಮೇಲೆ. ನಾವು 'ಗುಡ್ಡ ಬೀಳೂದು' ಅನ್ನುತ್ತಿದ್ದೆವು. ಅದೇ ಸರಿಯಾದ ಹೆಸರು.

ಕಾಕಾ ಒಂದು ದಿನವೂ ಹಾದಿಗೆ ಅಡ್ಡ ಬರಲಿಲ್ಲ. ಒಡ್ಡಿನ ಮೇಲೆ ನಿಂತು ಬೈಯುತ್ತಿದ್ದ, ಅಷ್ಟೇ.

"ಬೀಳ್ರಿ, ಬೀಳ್ರಿ! ಸಾಯೂದಿದ್ರ ಆಚಿ ಹೊಲದಾಗ ಸಾಯ್ರಿ. ಪಂಚನಾಮಿಗಂತ ಕುಷ್ಟಗಿಗೆ ಅಡ್ಡಾಡಾಕ ನನಗ ವ್ಯಾಳ್ಯಾ ಇಲ್ಲ."

ಅವನ ಎರಡು ಎತ್ತುಗಳ ಹೆಸರು ತಹಶೀಲ್ದಾರ ಮತ್ತು ಗಿರದಾವರ. ಯಾವುದೋ ಕಾಲದಲ್ಲಿ ಪಹಣಿ ತಿದ್ದುಪಡಿಗೆಂದು ಕಚೇರಿ ಸುತ್ತಿ ಸುತ್ತಿ ಸಾಕಾಗಿ, ಹಿರಿಯ ಸಾಹೇಬನನ್ನೂ ಅವನ ಕೈಕೆಳಗಿನವನನ್ನೂ ಒಂದೇ ನೊಗಕ್ಕೆ ಕಟ್ಟಿದ್ದ. ಮುಂಜಾನೆ ಕೇಳಬೇಕಿತ್ತು: "ತಹಶೀಲ್ದಾರ್ ಸಾಹೇಬ್ರ, ಆಫೀಸ್ ಟೈಮ್ ಆತಿಲ್ಲೋ, ಏಳ್ರಿ! ಗಿರದಾವರ, ಸಾಹೇಬ್ರು ಎದ್ದಾರ, ನೀ ಇನ್ನಾ ಮಕ್ಕೊಂಡೀಯಲ್ಲೋ!" ಇಂಥ ಮನುಷ್ಯನನ್ನು ಅಣಕಿಸದೆ ಬಿಟ್ಟರೆ ದೇವರು ಕೊಟ್ಟ ಗಂಟಲಿಗೆ ದ್ರೋಹ. ಪ್ರತಿ ವರ್ಷ ಗಣಪತಿ ಪೆಂಡಾಲಿನಲ್ಲಿ ನಾನು ಕಾಕಾ ಆಗುತ್ತಿದ್ದೆ. ಮುಂದಿನ ಸಾಲಿನಲ್ಲಿ ಕೂತ ಕಾಕಾ ಎಲ್ಲರಿಗಿಂತ ಜೋರು ನಗುತ್ತಿದ್ದ.

ಒಂದು ವರ್ಷ ಹೊಟ್ಟೆಯುಬ್ಬರ ಬಂದು ತಹಶೀಲ್ದಾರ ಸತ್ತ. ಎತ್ತಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾಕಾ, "ರಜಾ ಹಾಕಲಾರದ ಹೋದ್ಯಲ್ಲೋ ಸಾಹೇಬ" ಎಂದು ಅತ್ತ. ಆ ಮಾತು ನನ್ನ ಕಿವಿಗೆ ಬಿತ್ತು. ತಿಂಗಳೊಪ್ಪತ್ತಿನಲ್ಲಿ ಗಣಪತಿ ಬಂತು. ನಾನು ಅದನ್ನೂ ಮಾಡಿದೆ: ದಿಂಬನ್ನು ತೊಡೆಯ ಮೇಲಿಟ್ಟುಕೊಂಡು, ಮೂಗು ಒರೆಸಿಕೊಂಡು, ಅದೇ ದನಿಯಲ್ಲಿ. ಪೆಂಡಾಲು ಹಾರಿ ಹೋಗುವಷ್ಟು ನಗು. ನಗುವಿನ ನಡುವೆ ಕಾಕಾ ಎದ್ದು, ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿಕೊಂಡು ನಡೆದುಹೋದದ್ದು ಕಂಡಿತು. ಕಂಡರೂ ನಿಲ್ಲಿಸಲಿಲ್ಲ. ಚಪ್ಪಾಳೆ ಬರುವಾಗ ನಿಲ್ಲಿಸುವ ಕಲೆಯನ್ನು ನನಗೆ ಯಾರೂ ಕಲಿಸಿರಲಿಲ್ಲ.

ಮರುದಿನ ಒಡ್ಡಿನ ಬಾಯಿಗೆ ಆಳೆತ್ತರ ಜಾಲಿ ಮುಳ್ಳು ಬಿದ್ದಿತ್ತು.

"ನಿನ್ನ ಸೈಕಲ್ಲಿಗೂ ಬ್ರೇಕ್ ಇಲ್ಲ, ಬಾಯಿಗೂ ಬ್ರೇಕ್ ಇಲ್ಲ" ಎಂದ ಮೈಬೂಬ. ನಾನು ಪಂಚಾಯ್ತಿ ಮೆಂಬರನನ್ನು ಕಳಿಸಿದೆ, ಮಾಸ್ತರರನ್ನು ಕಳಿಸಿದೆ, ಕೊನೆಗೆ ನಮ್ಮವ್ವನನ್ನೂ ಕಳಿಸಿದೆ. ಎಲ್ಲರಿಗೂ ಒಂದೇ ಉತ್ತರ: "ಹೊಲ ನಂದು, ಮುಳ್ಳ ನಂದು." ನಾನೊಬ್ಬ ಹೋಗಲಿಲ್ಲ. ಎರಡು ವರ್ಷ ಹೋಗಲಿಲ್ಲ. ಆ ಎರಡು ವರ್ಷದಲ್ಲಿ ಶರಣ ಕೊಪ್ಪಳದ ಹತ್ತಿರದ ಕಬ್ಬಿಣದ ಫ್ಯಾಕ್ಟರಿ ಸೇರಿದ, ಮೈಬೂಬ ಗಂಗಾವತಿಯ ಅಕ್ಕಿ ಮಿಲ್ಲಿಗೆ ಲಾರಿ ಓಡಿಸತೊಡಗಿದ. ಮೂವರನ್ನೂ ಒಂದೆಡೆ ಕಟ್ಟಿದ್ದದ್ದು ಆ ಹಾದಿಯೇ ಎಂಬುದು ಅದು ಹೋದ ಮೇಲೆ ತಿಳಿಯಿತು.

ಆನೆಗೊಂದಿಯಿಂದ ವಿಮಾನದವರೆಗೆ

ನಾನೂ ಗಂಗಾವತಿ ಕಡೆಯೇ ಸರಿದೆ. ಆನೆಗೊಂದಿಯ ಒಂದು ಗೆಸ್ಟ್‌ಹೌಸಿನಲ್ಲಿ ಪ್ರವಾಸಿಗರಿಗೆ ಸೈಕಲ್ಲು ಬಾಡಿಗೆ ಕೊಡುವ ಕೆಲಸ. ಅಲ್ಲಿಗೆ ಬಂಡೆ ಹತ್ತಲೆಂದು ಬಂದವನು ಯೇಯನ್. ವೇಲ್ಸ್ ಎಂಬ ದೇಶದವನು, ಸೈಕಲ್ ಹುಚ್ಚ, ಊರಲ್ಲಿ ಬಡಗಿ ಕೆಲಸ. ಒಂದು ಭಾನುವಾರ ಮನೆಗೆ ಕರೆದುಕೊಂಡು ಹೋದರೆ ನಮ್ಮವ್ವ ಬಾಗಿಲಲ್ಲೇ ಅವನಿಗೆ 'ಅಯ್ಯಣ್ಣ' ಎಂದು ಹೆಸರಿಟ್ಟಳು. ಮಿರ್ಚಿ ಭಜಿ ತಿಂದು ಅವನು ಅತ್ತ ರೀತಿಯನ್ನು ನಾನು ಅವನೆದುರೇ ಮಾಡಿ ತೋರಿಸಿದೆ. ಅವನು ಇನ್ನೊಮ್ಮೆ ಅತ್ತ, ಈ ಸಲ ನಕ್ಕು.

"ನಮ್ಮೂರಿಗೆ ಬಾ. ನನ್ನ ಗುಡ್ಡ ತೋರಿಸ್ತೀನಿ" ಎಂದ.

ನಮ್ಮ ಕಡೆ 'ಮನಿಗೆ ಬರ್ರಿ' ಅನ್ನುವುದು ಮರ್ಯಾದೆ, ಹೋಗದೆ ಇರುವುದು ಇನ್ನೂ ದೊಡ್ಡ ಮರ್ಯಾದೆ. ಈ ಅಯ್ಯಣ್ಣ ನಿಜವಾಗಿಯೂ ವೀಸಾದ ಕಾಗದಪತ್ರ, ವಿಮಾನದ ಟಿಕೆಟ್ಟು ಎರಡನ್ನೂ ಕಳಿಸಿದ. ಚಳಿಗಾಲದ ಕೊನೆಯಲ್ಲಿ, ನಮ್ಮವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿಯ ಡಬ್ಬಿ ಹೊತ್ತು ನಾನು ಹೊರಟೇಬಿಟ್ಟೆ. ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಡಬ್ಬಿಯ ಮುಚ್ಚಳ ತೆಗೆದು ಆಳವಾಗಿ ಮೂಸಿದ. ಮುಂದಿನ ಹದಿನೈದು ಸೀನುಗಳಲ್ಲಿ ಅವನ ಅಧಿಕಾರವೆಲ್ಲ ಇಳಿಯಿತು. ಕಣ್ಣೊರೆಸಿಕೊಳ್ಳುತ್ತಾ ನನಗೇ 'ಸಾರಿ' ಹೇಳಿದ.

ಆ ದೇಶದಲ್ಲಿ ಎಲ್ಲರೂ ಸಾರಿ ಹೇಳುತ್ತಾರೆ. ನಾನು ಅವರ ಕಾಲು ತುಳಿದೆ, ಅವರು ಸಾರಿ ಹೇಳಿದರು. ಪರೀಕ್ಷೆ ಮಾಡಲೆಂದು ಇನ್ನೊಬ್ಬರದು ತುಳಿದೆ, ಅವರೂ ಹೇಳಿದರು. ಬಸ್ಸಿನಿಂದ ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ನಮ್ಮಲ್ಲಿ ಡ್ರೈವರನಿಗೆ ಹೇಳುವುದು ಒಂದೇ ಮಾತು, 'ಹೋಲ್ಡಾನ್ ರೀ!', ಅದೂ ಬಸ್ಸಿನ ತಗಡಿಗೆ ಗುದ್ದಿ.

ಮೂರನೇ ದಿನ: ಅಯ್ಯಣ್ಣನ ಗುಡ್ಡ

ಊರಿನ ಹೆಸರನ್ನು ಬರೆಯುವುದಿಲ್ಲ. ಅದರಲ್ಲಿ ಸ್ವರಗಳಿಗೆ ಅಂಥ ಬರಗಾಲ. ಹಸಿರು ಗುಡ್ಡಗಳು, ಕಲ್ಲಿನ ಗೋಡೆಗಳು, ಎಲ್ಲಿ ನೋಡಿದರೂ ಕುರಿ, ಮತ್ತು ಬರುವುದೋ ಬಿಡುವುದೋ ಎಂದು ತೀರ್ಮಾನಿಸದ ಮಳೆ. ನಮ್ಮೂರಲ್ಲಿ ಅಂಥ ಮಳೆ ಬಂದರೆ ಊರೆಲ್ಲ ಕುಣಿಯುತ್ತದೆ, ಅಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ.

ಅಯ್ಯಣ್ಣ ತನ್ನ ಎರಡನೇ ಸೈಕಲ್ಲು ಕೊಟ್ಟ. ಮೊಣಕಾಲಿಗೆ, ಮೊಣಕೈಗೆ, ತಲೆಗೆ ಕವಚ ಕಟ್ಟಿದ. ಕನ್ನಡಿಯಲ್ಲಿ ನೋಡಿಕೊಂಡರೆ ಬಯಲಾಟದ ರಾಕ್ಷಸ ಪಾರ್ಟು, ಕಿರೀಟ ಒಂದು ಕಡಿಮೆ. ಗುಡ್ಡದ ಹಾದಿ ಮೆಗನ್ ಎಂಬ ಮುದುಕಿಯ ಕುರಿ ಹೊಲದ ನಡುವೆ ಹಾದು ಹೋಗುತ್ತಿತ್ತು. ಗೇಟಿನಲ್ಲಿ ಅಯ್ಯಣ್ಣ ಇಳಿದು ತೆಗೆದ, ದಾಟಿದ ಮೇಲೆ ಹಿಂತಿರುಗಿ ಹಾಕಿದ.

"ಗೇಟು ಹೇಗಿತ್ತೋ ಹಾಗೇ ಬಿಡಬೇಕು. ಇದೊಂದೇ ಅವಳ ಷರತ್ತು. ಹೊಲ ಅವಳದು, ಹಾದಿಯ ಮೇಲೆ ನಮಗೆ ಹಕ್ಕಿಲ್ಲ. ಬಿಟ್ಟಿದ್ದಾಳೆ, ಹೋಗ್ತೀವಿ" ಎಂದ.

ದ್ಯಾಮಣ್ಣ ಕಾಕಾ ಬಿಟ್ಟಿದ್ದ, ಹೋಗುತ್ತಿದ್ದೆವು.

ಆಮೇಲೆ ಇಳಿಜಾರು ಬಂತು. ಅಯ್ಯೋ ಆ ಇಳಿಜಾರು! ಒದ್ದೆ ಮಣ್ಣು, ಫರ್ನ್ ಗಿಡಗಳ ವಾಸನೆ, ಕಿವಿಯಲ್ಲಿ ಗಾಳಿ. ಬೆಲ್ಲು ಇರಲಿಲ್ಲ, ಆದರೂ ನನಗೆ ಟ್ರಿಣ್ ಟ್ರಿಣ್ ಕೇಳಿಸಿತು. ಎಡಕ್ಕೆ ಶರಣ, ಬಲಕ್ಕೆ ಮೈಬೂಬ ಇದ್ದಾರೆಂದೇ ಅನಿಸಿ ಹೊಳ್ಳಿ ನೋಡಿದೆ. ಆ ಹೊತ್ತಿಗೆ ಸರಿಯಾಗಿ ಎದುರಿಗೆ ಒಂದು ಕುರಿ. ಕೈಯ ಬೆರಳಿನ ತುದಿಯಲ್ಲಿ ಒಳ್ಳೆಯ ಡಿಸ್ಕ್ ಬ್ರೇಕ್ ಇದ್ದವು. ನನ್ನ ಬಲಗಾಲಿಗೆ ಮಾತ್ರ ಅದು ಗೊತ್ತಿರಲಿಲ್ಲ. ಅದು ಹನುಮಸಾಗರದ ಕಾಲು. ನೇರ ಹೋಗಿ ಮುಂದಿನ ಗಾಲಿಯ ಮೇಲೆ ಕೂತಿತು. ಸೈಕಲ್ಲು ಅಲ್ಲೇ ನಿಂತಿತು, ನಾನು ನಿಲ್ಲಲಿಲ್ಲ.

ಕೆಸರಿನ ಹೊಂಡದಿಂದ ತಲೆ ಎತ್ತಿದರೆ ಮೇಲೆ ಗೋಡೆಯಾಚೆ ಮೆಗನ್. ಗಮ್‌ಬೂಟು, ಗಂಡಸರ ಕೋಟು, ಕೈಯಲ್ಲಿ ಕೋಲು, ಪಕ್ಕದಲ್ಲಿ ಕಪ್ಪು ಬಿಳುಪು ನಾಯಿ. ಮೊದಲು ಕುರಿಯನ್ನು ನೋಡಿದಳು, ಆಮೇಲೆ ಸೈಕಲ್ಲನ್ನು, ಕೊನೆಗೆ ನನ್ನನ್ನು. ಮೂರು ಸಲ ಸಿಳ್ಳೆ ಹೊಡೆದಳು. ನಾಯಿ ಕುರಿಯನ್ನು ಅಟ್ಟಿಕೊಂಡು ಹೋಯಿತು. ಅಯ್ಯಣ್ಣನ ಕಡೆ ತಿರುಗಿ, "ಇವನೆಲ್ಲಿ ಸಿಕ್ಕಾ?" ಎಂದಳು.

ಅವಳು ಆಡಿದ್ದು ಇಂಗ್ಲಿಷು. ಆದರೆ ನನ್ನ ಕಿವಿಗೆ ಅದು ಕುಷ್ಟಗಿ ತಾಲ್ಲೂಕಿನ ಭಾಷೆಯಾಗಿಯೇ ಬಿತ್ತು. ದ್ಯಾಮಣ್ಣ ಕಾಕಾನಿಗೆ ಒಬ್ಬ ಅಕ್ಕ ಇದ್ದಿದ್ದರೆ ಹೀಗೇ ಇರುತ್ತಿದ್ದಳು. ಹಾಗಾಗಿ ಅವಳ ಮಾತನ್ನು ಹಾಗೆಯೇ ಬರೆಯುತ್ತೇನೆ.

ಅದೇ ಸಂಜೆ: ಪಬ್ಬು

ಅವರ ಪಬ್ಬು ಎಂದರೆ ನಮ್ಮ ಚಹಾದಂಗಡಿ, ಚಹಾ ಒಂದಿಲ್ಲ. ಅಯ್ಯಣ್ಣನ ಸೈಕಲ್ ಗೆಳೆಯರೆಲ್ಲ ಸೇರಿದ್ದರು. ಸವಾರಿ ಮುಗಿಸಿ, ಎತ್ತಿನ ಮೈ ತೊಳೆದಷ್ಟು ಪ್ರೀತಿಯಿಂದ ಸೈಕಲ್ಲು ತೊಳೆದು ಬಂದವರು. ನಾನು ಬಿದ್ದ ಕಥೆ ಆಗಲೇ ನನಗಿಂತ ಮುಂಚೆ ಬಂದು ಕೂತಿತ್ತು.

"ಮಿಮಿಕ್ರಿ ಮಾಡ್ತಾನೆ ಇವನು" ಎಂದು ಅಯ್ಯಣ್ಣ ಬಾಯಿ ಬಿಟ್ಟ.

ಮಾಡು ಮಾಡು ಎಂದರು. ಬ್ರೇಕ್ ಇಲ್ಲದ ಬಾಯಿ ಇಳಿಜಾರಿಗೆ ಬಿತ್ತು. ಕೋಟಿನ ಕಾಲರ್ ಎತ್ತಿದೆ, ಕೋಲಿನ ಬದಲು ಛತ್ರಿ ಹಿಡಿದೆ, ಮೂರು ಸಿಳ್ಳೆ ಹೊಡೆದೆ. ಕುರಿ ನೋಡಿದೆ, ಸೈಕಲ್ಲು ನೋಡಿದೆ, ಮನುಷ್ಯನನ್ನು ನೋಡಿದೆ. "ಇವನೆಲ್ಲಿ ಸಿಕ್ಕಾ?" ಪಬ್ಬಿಗೆ ಪಬ್ಬೇ ಮೇಜು ಗುದ್ದಿ ನಕ್ಕಿತು. ಏಳು ಸಮುದ್ರ ದಾಟಿದರೂ ಚಪ್ಪಾಳೆಯ ಸದ್ದು ಒಂದೇ. ನಗುತ್ತಾ ಬಾಗಿಲ ಕಡೆ ನೋಡಿದೆ. ಒದ್ದೆ ಕೋಟು ತೊಟ್ಟ ಯಾರೋ ಬಂದವರು ಹಾಗೇ ತಿರುಗಿ ಹೊರಗೆ ಹೋದರು. ಕಾಲಲ್ಲಿ ಗಮ್‌ಬೂಟು.

ನಾಲ್ಕನೇ ದಿನ: ಚೈನು

ಮುಂಜಾನೆ ಅಯ್ಯಣ್ಣ ಕೆಲಸಕ್ಕೆ ಹೋದ. ನಾನೊಬ್ಬನೇ ಸೈಕಲ್ಲು ತೆಗೆದುಕೊಂಡು ಗುಡ್ಡಕ್ಕೆ ಹೋದೆ. ಗೇಟಿಗೆ ಚೈನು, ಚೈನಿಗೆ ಬೀಗ. ಮೇಲೆ ಬೋರ್ಡು: 'ಹಾದಿ ಬಂದ್'. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೇನೋ ಇತ್ತು. ಓದುವ ಧೈರ್ಯ ಬರಲಿಲ್ಲ.

ಅಲ್ಲೇ ಒದ್ದೆ ಕಲ್ಲಿನ ಮೇಲೆ ಕೂತೆ. ಒಂದು ಬಾಯಿ, ಎರಡು ದೇಶ, ಎರಡು ಹಾದಿ. ಬೇವೂರಿನಲ್ಲಿ ಇಳಿದ ಅಜ್ಜಿಯ ಶಾಪ ಪಾಸ್‌ಪೋರ್ಟು ಇಲ್ಲದೆಯೇ ಇಲ್ಲಿಯವರೆಗೆ ಬಂದಿತ್ತು. ಇಲ್ಲಿ ಕಳಿಸಲು ಮೆಂಬರ್ ಇಲ್ಲ, ಮಾಸ್ತರರಿಲ್ಲ, ಅವ್ವ ಇಲ್ಲ. ಅಯ್ಯಣ್ಣ ಸಂಜೆ ಬಂದು ಈ ಚೈನು ನೋಡಿದರೆ ಅವನಿಗೆ ಯಾವ ಮುಖ ತೋರಿಸಲಿ? ಮನೆಗೆ ಹೋಗಿ ಶೇಂಗಾ ಹಿಂಡಿ ಡಬ್ಬಿ ತೆಗೆದುಕೊಂಡು ಮೆಗನ್ ಮನೆಯತ್ತ ನಡೆದೆ. ಬರಿಗೈಲಿ ಹೋಗಿ ತಪ್ಪಾಯಿತು ಅನ್ನುವುದು ನಮ್ಮಲ್ಲಿಲ್ಲ.

ಅವಳು ಕೊಟ್ಟಿಗೆಯಲ್ಲಿ ಕುರಿಗಳಿಗೆ ಒಣಹುಲ್ಲು ಹಾಕುತ್ತಿದ್ದಳು. ನಾನು ಮಾತೇ ಆಡದೆ ಬಾಗಿ ಅವಳ ಕಾಲು ಮುಟ್ಟಿದೆ.

"ಯಾಕೋ, ನನ್ನ ಬೂಟಿನ್ಯಾಗ ಏನ ಹುಡುಕಾಕತ್ತೀ?"

"ತಪ್ಪಾತ್ರಿ ಅಜ್ಜಿ. ನಿನ್ನೆ ನಿಮ್ಮನ್ನ ಅಣಕಿಸಿದೆ. ನನ್ನ ಸಲುವಾಗಿ ಗೇಟು ಹಾಕಬ್ಯಾಡ್ರಿ. ನಾನು ಇನ್ನೊಂದು ವಾರಕ್ಕ ಹೋಗ್ತೀನಿ, ಈ ಸೈಕಲ್ಲಿನವರು ಇಲ್ಲೇ ಇರಾಕಬೇಕು."

ಅವಳು ಹುಲ್ಲೆತ್ತುವ ಫೋರ್ಕನ್ನು ಗೋಡೆಗೆ ಒರಗಿಸಿ ನನ್ನನ್ನೇ ನೋಡಿದಳು. "ಬೋರ್ಡಿನ ಸಣ್ಣ ಅಕ್ಷರ ಓದಲಿಲ್ಲೇನು?"

"ಇಲ್ಲ."

"'ಇವತ್ತೊಂದ ದಿನ' ಅಂತ ಬರದೈತಿ. ನಾಳಿ ಮುಂಜಾನಿ ತಗೀತೀನಿ. ವರ್ಷಕ್ಕೊಮ್ಮೆ ಹಾಕ್ತೀನಿ, ನಮ್ಮಪ್ಪನೂ ಹಾಕ್ತಿದ್ದ. ನೀ ಹುಟ್ಟೂಕಿಂತ ಮದಲಿಂದ."

ನಾನು ಹಿಂಡಿ ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದೆ ಹಿಡಿದೆ. ಆಗ ಅವಳು ಹೇಳಿದ್ದು ಇದು: ಆ ದೇಶದಲ್ಲಿ ಒಂದು ಹಾದಿಯಲ್ಲಿ ಮಂದಿ ಬಹಳ ವರ್ಷ ಯಾರ ತಡೆಯೂ ಇಲ್ಲದೆ ಓಡಾಡಿಬಿಟ್ಟರೆ, ಅದು ಕೊನೆಗೆ ಮಂದಿಯದೇ ಆಗಿಬಿಡುತ್ತದಂತೆ. ಅದಕ್ಕೇ ಹೊಲದವರು ವರ್ಷಕ್ಕೊಂದು ದಿನ ಗೇಟು ಹಾಕುತ್ತಾರೆ. ಉಳಿದೆಲ್ಲ ದಿನ ತೆರೆದಿಡುತ್ತಾರೆ.

"ಒಂದ ದಿನ ಹಾಕಿದ್ರ ಸಾಕು, ಉಳದ ದಿನಾ ನಾನೂ ಕೊಟ್ಟಂಗ, ಅವರೂ ಇಸಗೊಂಡಂಗ. ಹಾಕಲಿಲ್ಲಂದ್ರ ಯಾರೂ ಕೊಟ್ಟಂಗಲ್ಲ" ಎಂದು ಹಿಂಡಿಯನ್ನು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಕೆಮ್ಮಿದಳು. ಇನ್ನೊಂದು ಚಿಟಿಕೆ ಹಾಕಿಕೊಂಡಳು. "ಮತ್ತ ನಿನಗ್ಯಾಕ ಇಷ್ಟು ಅಂಜಿಕಿ? ಎಲ್ಲೋ ಬ್ಯಾರೆ ಗೇಟಿಂದು ತಂದಂಗೈತಿ."

ಹೇಳಿದೆ. ತಹಶೀಲ್ದಾರ, ಗಿರದಾವರ, ದಿಂಬು, ಮುಳ್ಳು, ಎಲ್ಲ. ಅವಳು ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದಳು.

"ಯಾರ್‌ಯಾರನ್ನ ಕಳಿಸಿದ್ದಿ?"

"ಮೆಂಬರ್, ಮಾಸ್ತರು, ಅವ್ವ."

"ನನ್ನ ಕಡಿ ಮಾತ್ರ ನೀನಾ ಬಂದಿ."

"ಇಲ್ಲಿ ಬ್ಯಾರೆ ಯಾರೂ ಸಿಗಲಿಲ್ರಿ."

ಆಗ ಅವಳು ನಕ್ಕಳು, ನಾಯಿ ಬೆದರಿ ಎದ್ದು ನಿಲ್ಲುವಷ್ಟು ಜೋರಾಗಿ. "ಹಾಂ, ಈಗ ಮಾಡಿ ತೋರ್ಸು, ನಾನು ಹೆಂಗ" ಎಂದಳು. ಎದುರಿಗೇ! ಕಾಲರ್ ಎತ್ತಿ ಮಾಡಿದೆ. ಗಂಭೀರವಾಗಿ ನೋಡಿ ತಿದ್ದಿದಳು: "ಮೂರನೇ ಸಿಳ್ಳಿ ಗಿಡ್ಡ ಇರ್ತೈತಿ. ಉದ್ದ ಹೊಡದ್ರ ನಾಯಿ ಕುರಿ ಬಿಟ್ಟು ಮನಿಗೆ ಬರ್ತೈತಿ." ನಾನು ಗಿಡ್ಡ ಹೊಡೆದೆ. ನಾಯಿ ಒಮ್ಮೆ ಅವಳನ್ನು ನೋಡಿತು, ಒಮ್ಮೆ ನನ್ನನ್ನು, ಯಾರ ಕೈಕೆಳಗೆ ಕೆಲಸ ಮಾಡುವುದೆಂದು ತಿಳಿಯದೆ ಕೂತುಬಿಟ್ಟಿತು.

ಮರಳಿ ಹನುಮಸಾಗರ

ಬಂದ ಮರುದಿನವೇ ಹೋದೆ. ಬಿಳಿಜೋಳದ ರಾಶಿ ಮುಗಿದು ಹೊಲ ಬಟ್ಟಬಯಲಾಗಿತ್ತು. ಕಾಕಾ ಬೇವಿನ ಗಿಡದ ಕೆಳಗೆ ಕೂತು ಹಗ್ಗ ಹೊಸೆಯುತ್ತಿದ್ದ. ಪಕ್ಕದಲ್ಲಿ ಗಿರದಾವರ ಒಬ್ಬನೇ ಜೋಳದ ಕಣಿಕೆ ಮೆಲ್ಲುತ್ತಿದ್ದ. ಬೇಸಾಯದ ಹೊತ್ತಿಗೆ ಜೋಡಿ ಎತ್ತನ್ನು ಮಂದಿಯಿಂದ ಕೇಳಿ ತರುತ್ತಿದ್ದನಂತೆ, ಹೊಸದನ್ನು ತಂದಿರಲಿಲ್ಲ.

"ಈ ಸಲ ಯಾರನ್ನ ಕಳಿಸಿದಿ?" ಎಂದ, ತಲೆ ಎತ್ತದೆ.

"ನಾನಾ ಬಂದೀನಿ ಕಾಕಾ. ತಪ್ಪಾತು."

"ಏನ ತಪ್ಪಾತು?"

"ನಗಸಬಾರದ್ದನ್ನ ನಗಸಿದೆ."

ಹಗ್ಗ ಹೊಸೆಯುವ ಕೈ ನಿಂತಿತು. ಹೊಸೆದಷ್ಟನ್ನು ಸುತ್ತಿ ಪಕ್ಕಕ್ಕಿಟ್ಟ.

"ಎಲ್ಲಾರ ದನಿ ತಗೀತೀಯಲ್ಲಾ ಮಲ್ಲ್ಯಾ" ಎಂದ. "ಅವನದು ಬರ್ತೈತೇನು?"

"ಯಾರದು?"

"ಸಾಹೇಬ್ರದು."

ಎತ್ತುಗಳನ್ನು ಹೊಲಕ್ಕೆ ಹೊಡೆಯುವಾಗ ತಹಶೀಲ್ದಾರ ಒಂದು ದನಿ ತೆಗೆಯುತ್ತಿದ್ದ: ಎದೆಯಿಂದ ಎದ್ದು, ನಡುವೆ ಒಮ್ಮೆ ಮುರಿದು, ಮೂಗಿನಲ್ಲಿ ಮುಗಿಯುವ ದನಿ. ಗುಡ್ಡದ ಮೇಲಿಂದ ಇಳಿಯುವಾಗ ದಿನಾ ಕೇಳುತ್ತಿದ್ದೆ. ಯಾವತ್ತೂ ಮಾಡಿರಲಿಲ್ಲ, ಅದಕ್ಕೆ ಯಾರೂ ನಗುವುದಿಲ್ಲ ಎಂದು. ಕಣ್ಣು ಮುಚ್ಚಿ ಮಾಡಿದೆ.

ಗಿರದಾವರ ಮೆಲುಕು ನಿಲ್ಲಿಸಿದ. ಎರಡೂ ಕಿವಿ ಎತ್ತಿ, ಕುತ್ತಿಗೆ ಹೊಳ್ಳಿಸಿ, ಖಾಲಿ ಗೂಟದ ಕಡೆ ನೋಡಿದ.

ಕಾಕಾ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಎದ್ದು ಒಡ್ಡಿನ ಬಾಯಿಗೆ ಹೋದ. ನಾನೂ ಹಿಂದೆ ಹೋದೆ. ಎರಡು ವರ್ಷದ ಮುಳ್ಳು ಒಂದಕ್ಕೊಂದು ಹೆಣೆದುಕೊಂಡು, ನಡುವೆ ಹೊಸ ಜಾಲಿ ಬೇರೆ ಹುಟ್ಟಿತ್ತು. ಕೊಡಲಿ ಅವನದು, ಕೈ ನನ್ನದು. ಬೈಗುಳವೂ ಅವನದೇ. ಹಾದಿ ಪೂರ್ತಿ ಕಾಣುವಷ್ಟರಲ್ಲಿ ಹೊತ್ತು ಇಳಿದಿತ್ತು.

ಎಳ್ಳ ಅಮಾವಾಸ್ಯೆ

ಅಯ್ಯಣ್ಣ ಈಚೆಗೆ ಫೋನ್ ಮಾಡಿದ್ದ. ಮೆಗನ್ ಕಾಲು ನೋವೆಂದು ಹೊಲ ಮಾರಿ ಮಗಳ ಊರು ಸೇರಿದ್ದಾಳಂತೆ. ಕೊಂಡವರು ಬಂದ ವಾರವೇ ಚೈನು ಹಾಕಿದರಂತೆ. ಈಗಿನ ಬೋರ್ಡಿನಲ್ಲಿ ಸಣ್ಣ ಅಕ್ಷರವೇ ಇಲ್ಲವಂತೆ. ಅವನೂ ಗೆಳೆಯರೂ ಭಾನುವಾರ ಡಾಂಬರು ರಸ್ತೆಯ ಮೇಲೆ ಸುಮ್ಮನೆ ಹೋಗಿ ಬರುತ್ತಾರಂತೆ. "ನೀನು ಹೋಗಿ ಹೊಸಬರ ಕಾಲು ಹಿಡಿದು ನೋಡು" ಎಂದೆ. "ನಮ್ಮಲ್ಲಿ ಬೂಟಿನಲ್ಲಿ ಏನೋ ಹುಡುಕುತ್ತಾನೆ ಅಂದ್ಕೋತಾರೆ" ಎಂದ. ಇಬ್ಬರೂ ನಕ್ಕೆವು. ಫೋನ್ ಇಟ್ಟ ಮೇಲೆ ನನಗೆ ಆ ಒದ್ದೆ ಮಣ್ಣಿನ ವಾಸನೆ ಬಂತು. ಒಂದೇ ಸಲ ಇಳಿದ ಗುಡ್ಡ, ಅದೂ ತಲೆಕೆಳಗಾಗಿ.

ಮೆಗನ್ನಳ ಕಥೆಯನ್ನು ಕಾಕಾನಿಗೆ ಹೇಳಿದ್ದೆ. ವರ್ಷಕ್ಕೊಂದು ದಿನ ಗೇಟು ಹಾಕುವ ಸಂಗತಿ ಅವನಿಗೆ ಭಾಳ ಹಿಡಿಸಿತು. "ಶ್ಯಾಣ್ಯಾಕಿ ಅದಾಳ" ಎಂದು ತಾನೂ ಒಂದು ದಿನ ಗೊತ್ತು ಮಾಡಿದ: ಎಳ್ಳ ಅಮಾವಾಸ್ಯೆ. ಅಂದು ಊರೆಲ್ಲ ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಬೆಳೆಯ ನಡುವೆ ಕೂತು ಉಣ್ಣುವ ದಿನ. ಅಂದು ಒಡ್ಡಿನ ಬಾಯಿಗೆ ಒಂದೇ ಒಂದು ಮುಳ್ಳಿನ ಟೊಂಗೆ ಅಡ್ಡ ಬೀಳುತ್ತದೆ. ಸೈಕಲ್ಲಿನವರು ಇಳಿಯಬೇಕು, ಸಜ್ಜೆ ರೊಟ್ಟಿ, ಪುಂಡಿಪಲ್ಲೆ ಉಣ್ಣಬೇಕು, ಉಂಡವರಿಗೆ ಹಾದಿಯಿಲ್ಲ, ನಡೆದು ಮನೆಗೆ ಹೋಗಬೇಕು.

ಮೊದಲ ವರ್ಷ ಶರಣ ರಜೆ ಹಾಕಿ ಬಂದ, ಮೈಬೂಬ ಲಾರಿಯನ್ನೇ ಹೊಲದ ದಂಡೆಗೆ ತಂದು ನಿಲ್ಲಿಸಿದ. ಹೊಟ್ಟೆ ಬಂದಿದ್ದ ಮೂವರೂ ಹಳೆಯ ಸರ್ಕಾರಿ ಸೈಕಲ್ಲುಗಳ ಮೇಲೆ ಗುಡ್ಡ ಬಿದ್ದೆವು, ಚಪ್ಪಲಿ ಒತ್ತಿ ಟೊಂಗೆಯ ಮುಂದೆ ನಿಂತೆವು. ಜೋಳದ ಬೆಳೆ ಎದೆಯೆತ್ತರ, ಕಾಕಾ ಕಾಣಲಿಲ್ಲ. ನಾನು ಅವನ ದನಿಯಲ್ಲೇ ಕೂಗಿದೆ: "ಯಾರಲೇ ಅದು ಹೊಲದಾಗ? ಪಂಚನಾಮಿಗೆ ಅಡ್ಡಾಡಾಕ ನನಗ ವ್ಯಾಳ್ಯಾ ಇಲ್ಲ!"

ಜೋಳದೊಳಗಿನಿಂದ ಉತ್ತರ ಬಂತು. ಸಣ್ಣ, ಮೂಗಿನ, ನಾಚಿಕೆಯಿಲ್ಲದ ದನಿ, ಪ್ರತಿ ಮಾತಿನ ತುದಿಯಲ್ಲಿ ಬೆಣ್ಣೆ: "ನಾನಾ ಬಂದೀನಿ ಕಾಕಾ... ತಪ್ಪಾತು ಕಾಕಾ... ಒಂದ ಸಲ ಬಿಡ್ರಿ ಕಾಕಾ..."

ಶರಣ ಸೈಕಲ್ಲು ಬಿಟ್ಟು ನೆಲಕ್ಕೆ ಬಿದ್ದು ನಕ್ಕ. ಮೈಬೂಬ ಲಾರಿಗೆ ಒರಗಿ ಹೊಟ್ಟೆ ಹಿಡಿದುಕೊಂಡ. ಕಾಕಾ ಜೋಳ ಸರಿಸಿ ಹೊರಬಂದ, ಮುಖದಲ್ಲಿ ಒಂದು ಗೆರೆ ನಗು ಇಲ್ಲ.

"ನನ್ನ ದನಿ ಹಂಗಿಲ್ಲ ಬಿಡ್ರಿ ಕಾಕಾ" ಎಂದೆ.

ಹಾಗೆಂದ ದನಿ ನನ್ನ ಕಿವಿಗೇ ಬಿತ್ತು. ಹಂಗೇ ಇತ್ತು.